ಬಾಲದ ಹತ್ತಿರದ ಕಣ್ಣು

ಅದು ಕಣ್ಣಲ್ಲ, ಗೊತ್ತಿದೆ, ಗಾಜಿನ ಪೆಟ್ಟಿಗೆಯೊಳಗಿನ ಮೀನಿನ ಬೆನ್ನಿನ ರೆಕ್ಕೆಯ ಕೊನೆಯಲ್ಲಿ ಬಾಲದ ಹತ್ತಿರ ಇರುವ ಬರೀ ಕಪ್ಪು ಚುಕ್ಕೆ, ಸುತ್ತ ತೆಳುವಾದ ಬಿಳಿ ಅಂಚು, ಆದರೂ ಮಂಚದ ಮೇಲೆ ಮಗ್ಗುಲಾಗಿ ಬಿದ್ದುಕೊಂಡಿರುವ ನನ್ನನ್ನು ನೋಡುತ್ತಿರುವುದು ಅದೇ ಎನ್ನಿಸುತ್ತದೆ — ನಿಜವಾದ ಕಣ್ಣು ಮುಖದ ಕಿತ್ತಳೆ ಪಟ್ಟೆಯೊಳಗೆ ಅಡಗಿ ಬೇರೆಲ್ಲೋ ನೋಡುತ್ತಿರುತ್ತದೆ, ದೊಡ್ಡ ಮೀನು ಕಚ್ಚಲು ಬಂದರೆ ಬಾಲವನ್ನೇ ತಲೆ ಎಂದು ತಿಳಿದು ಅತ್ತ ಹಾರಬೇಕು, ಅಷ್ಟರಲ್ಲಿ ಇದು ಇತ್ತ ತಪ್ಪಿಸಿಕೊಳ್ಳಬೇಕು, ಅದಕ್ಕೇ ಈ ವೇಷ, ಯಾದಗಿರಿಯ ಸ್ಟೇಷನ್ ರಸ್ತೆಯ ಮೀನಿನ ಅಂಗಡಿಯಲ್ಲಿ ಅಯಾಜ್ ನೀರು ತುಂಬಿದ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು ಹೇಳಿದ್ದ, ಪಾತರಗಿತ್ತಿ ಮೀನ್ರಿ ಮೇಡಂ, ಹೈದರಾಬಾದಿನಿಂದ ಗಾಡ್ಯಾಗ ಬಂದದ, ಇದರ ಮಾರಿ ಯಾವ ಕಡಿ ಅದ ಅಂತ ಒಮ್ಮೊಮ್ಮೆ ನನಗೂ ತಿಳಿಯಂಗಿಲ್ಲ, ಎಂದು ನಕ್ಕಿದ್ದ, ನಾನು ನಗಲಿಲ್ಲ, ಮುಖ ಯಾವುದೆಂದು ಗೊತ್ತಾಗದ ಜೀವಗಳು ಮನೆಯಲ್ಲಿ ಈಗಾಗಲೇ ಸಾಕಷ್ಟಿವೆ ಎಂದುಕೊಂಡೆ, ಆದರೂ ಕೊಂಡು ತಂದೆ, ಸುರಪುರದ ಸಾಲೆಯ ಕೆಲಸ ಬಿಟ್ಟ ತಿಂಗಳ ಸಂಬಳ ಕೈಯಲ್ಲಿತ್ತು, ಏನಾದರೂ ಒಂದನ್ನು ಬದುಕಿಸಬೇಕು ಅನ್ನಿಸಿತ್ತು. ಜಿಪ್ಪಿನ ಸದ್ದು. ಒಳಕೋಣೆಯಲ್ಲಿ ಅಣ್ಣನ ಹೆಂಡತಿ, ವೈನಿ, ಬ್ಯಾಗು ತುಂಬುತ್ತಿದ್ದಾಳೆ, ಎಳೆದ ಜಿಪ್ಪು ನಡುವೆ ಸಿಕ್ಕಿಕೊಂಡು ನಿಂತಿತು, ಮತ್ತೆ ಎಳೆದಳು, ತವರೂರು ಹುಣಸಗಿಯ ಬಸ್ಸಿಗೆ ಹೋಗುತ್ತಾಳಂತೆ, ಪೆಟ್ರೋಲು ಹಾಕಿಸಿಕೊಂಡು ಬರಲು ಹೋಗಿದ್ದಾನೆ ಅಣ್ಣ, ಹೋಗಲಿ, ಹೋದ ಮೇಲೆ ಮೀನಿನ ನೀರಿನ ಉಪ್ಪು ತೋರಿಸುವ ಮುಳ್ಳು ಏರುವುದು ನಿಂತರೆ ಎಲ್ಲ ಗೊತ್ತಾಗುತ್ತದಲ್ಲ, ನಿಲ್ಲದಿದ್ದರೆ — ನಿಲ್ಲುತ್ತದೆ, ನಿಲ್ಲಲೇಬೇಕು.

ಸೋಮವಾರದಿಂದ ಮೀನು ಬಾಯಿಗೆ ಏನೂ ಹಾಕಿಲ್ಲ. ಕಡ್ಡಿಯ ತುದಿಗೆ ಸೀಗಡಿಯ ಚೂರು ಸಿಕ್ಕಿಸಿ ಕಲ್ಲಿನ ಸಂದಿಯ ಮುಂದೆ ಹಿಡಿಯುತ್ತೇನೆ, ಹೊರಗೆ ಬರುತ್ತದೆ, ಉದ್ದ ಮೂತಿಯನ್ನು ಚಿಮಟದಂತೆ ಮುಂದೆ ಮಾಡಿ ಇನ್ನೇನು ಕಿತ್ತುಕೊಂಡಿತು ಅನ್ನುವಷ್ಟರಲ್ಲಿ ನಿಲ್ಲುತ್ತದೆ, ಮೂಸಿ ನೋಡಿದ ಹಾಗೆ ಮಾಡುತ್ತದೆ, ಹಿಂದಕ್ಕೆ ಸರಿಯುತ್ತದೆ, ತಿರುಗಿ ನಿಲ್ಲುತ್ತದೆ, ಆಗ ಆ ಚುಕ್ಕೆ ನನ್ನ ಕಡೆಗೆ. ಇವಕ್ಕೆ ಹೊಟ್ಟೆಗಿಂತ ಸಂಶಯ ದೊಡ್ಡದು, ಅಯಾಜ್‌ಗೆ ಫೋನು ಮಾಡಿದಾಗ ಬೆಳ್ಳುಳ್ಳಿ ರಸದಾಗ ನೆನಸಿ ಹಾಕ್ರಿ, ವಾಸನಿಗೆ ತಿಂತಾವ ಎಂದ, ಬಾಟಲಿ ತಲೆಕೆಳಗು ಮಾಡಿ ಉಪ್ಪುನೀರಿಗೆ ಗಾಳಿ ಬಿಟ್ಟು ಸೀಗಡಿ ಮೊಟ್ಟೆಯಿಂದ ಕಣ್ಣಿಗೆ ಕಾಣದಂಥ ಮರಿ ಮಾಡುವುದನ್ನು ಕಲಿಸಿಕೊಟ್ಟ, ಅದನ್ನೂ ಮಾಡಿದೆ, ಮೊದಮೊದಲು ತಿಂದಿತ್ತು, ಆಡುತ್ತ ತಿಂದಿತ್ತು, ಆಮೇಲೆ ಉಪ್ಪು ಏರತೊಡಗಿತು. ಶಹಾಪುರದ ಬಿಸಿಲಿಗೆ ಗಾಜಿನ ಪೆಟ್ಟಿಗೆಯ ನೀರು ದಿನವೂ ಬೆರಳಷ್ಟು ಆರುತ್ತದೆ, ನೀರು ಆರುತ್ತದೆ, ಉಪ್ಪು ಒಳಗೇ ಉಳಿಯುತ್ತದೆ, ಅದಕ್ಕೆ ಆರಿದಷ್ಟು ಸಪ್ಪೆ ನೀರನ್ನು ಸುರಿಯಬೇಕು, ಓಣಿಯ ತುದಿಯಿಂದ ಕ್ಯಾನಿನಲ್ಲಿ ತಂದ ಫಿಲ್ಟರ್ ನೀರು, ಬೋರಿನದು ಮುಟ್ಟಿಸಲೂ ಬಾರದು, ಇದನ್ನು ಒಂದು ದಿನ ತಪ್ಪಿಸಿಲ್ಲ, ಉಪ್ಪು ನೋಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳ್ಳು ಹಸಿರು ಪಟ್ಟಿಯೊಳಗೆ ನಿಲ್ಲಬೇಕು, ನಿಲ್ಲುತ್ತಿತ್ತು, ಒಂದು ದಿನ ಪಟ್ಟಿಯ ಮೇಲಂಚಿಗೆ ಬಂತು, ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ, ಆಮೇಲೆ ಪಟ್ಟಿ ದಾಟಿತು, ಆಮೇಲೆ ಡಬ್ಬಿಯನ್ನೇ ಅನುಮಾನಿಸಿದೆ, ತೊಳೆದೆ, ಬೇರೆ ನೀರಿನಲ್ಲಿ ನೋಡಿದೆ, ಸರಿಯಾಗಿತ್ತು, ಅಯಾಜ್ ಕೊಟ್ಟ ಸಮುದ್ರದ ಉಪ್ಪಿನ ಚೀಲವನ್ನು ಅನುಮಾನಿಸಿದೆ, ಅಯಾಜ್‌ನನ್ನೇ ಅನುಮಾನಿಸಿದೆ, ಸಾಯುವ ಮೀನು ಕೊಟ್ಟು ಇನ್ನೊಂದು ಮಾರುವ ಹುನ್ನಾರ ಎಂದುಕೊಂಡೆ, ಅವನು ಫೋನಿನಲ್ಲಿ, ಮೇಡಂ, ನೀರು ತಾನೇ ಉಪ್ಪು ಹಡಿಯಂಗಿಲ್ಲ, ಯಾರೋ ಹಾಕಾಕತ್ತಾರ, ಮನ್ಯಾಗ ಸಣ್ಣ ಹುಡುಗರು ಅದಾರೇನು ನೋಡ್ರಿ, ಎಂದ. ಸಣ್ಣ ಹುಡುಗರಿಲ್ಲ. ನಾವು ಐದು ಜನ, ಅಪ್ಪ, ಅವ್ವ, ಅಣ್ಣ, ನಾನು, ಮತ್ತು ಈ ವರ್ಷ ಮದುವೆಯಾಗಿ ಬಂದ ವೈನಿ.

ಅಲ್ಲಿಂದ ನನ್ನ ತಲೆ ಒಂದೇ ಕಡೆ ಹರಿಯಿತು, ಬೇರೆ ಕಡೆ ಹರಿಯಲು ಕಾರಣವೂ ಇರಲಿಲ್ಲ, ಪೆಟ್ಟಿಗೆ ಇಟ್ಟ ಗೋಡೆಗೆ ತವರಿನಿಂದ ಬಂದ ಅಲಮಾರಿ ಬರಬೇಕಿತ್ತು ಎಂದು ಅವಳು ಅಣ್ಣನ ಮುಂದೆ ಅಂದದ್ದು ನನಗೆ ಕೇಳಿಸಿದೆ, ಫ್ರಿಜ್ಜಿನಲ್ಲಿ ಹಾಲಿನ ಮಗ್ಗುಲಿಗೆ ಸೀಗಡಿ ಪಾಕೀಟು ಕಂಡು ಮೂಗು ಮುಚ್ಚಿಕೊಂಡು, ಯಶೋಧರಾ ಬಾಯಿಯವರ ಅಳಿಯಂದಿರ ಊಟ ಇಲ್ಲೇ ಅದ ನೋಡ್ರಿ ಅತ್ತಿ, ಎಂದು ನನ್ನ ಹೆಸರು ಹಿಡಿದು ಮೀನನ್ನು ಅಳಿಯ ಮಾಡಿ ಅವ್ವನನ್ನು ನಗಿಸಿದ್ದಾಳೆ, ಜೋಕು ಅಂತಲೇ ಎಲ್ಲರೂ ನಕ್ಕರು, ನನಗೆ ಜೋಕಿನ ಒಳಗೆ ಸೂಜಿ ಕಾಣುತ್ತದೆ, ಮೊದಲಿನಿಂದಲೂ ಹಾಗೆಯೇ. ಮುಳ್ಳು ಏರುವ ದಿನಗಳನ್ನು ನೋಡುತ್ತ ಬಂದೆ, ಮಂಗಳವಾರ ಸಂಜೆ ಏರಿರುತ್ತದೆ, ಶುಕ್ರವಾರ ಸಂಜೆ ಏರಿರುತ್ತದೆ, ಉಳಿದ ದಿನ ನಿಂತಲ್ಲೇ ನಿಂತಿರುತ್ತದೆ, ಮಂಗಳವಾರ ಶುಕ್ರವಾರ ವೈನಿ ಬಕೆಟ್ಟಿಗೆ ಹಿಡಿ ಹರಳುಪ್ಪು ಹಾಕಿ ಮನೆ ಒರೆಸುತ್ತಾಳೆ, ನೊಣ ಬರಂಗಿಲ್ಲ ತಂಗಿ, ನಮ್ಮ ಮನ್ಯಾಗ ಮೊದಲಿಂದ ಹಿಂಗ, ಎನ್ನುತ್ತಾಳೆ, ಒರೆಸುತ್ತ ಪೆಟ್ಟಿಗೆಯ ಬುಡಕ್ಕೆ ಬಂದಾಗ ಗಾಜಿಗೆ ಮುಖ ಹಚ್ಚಿ ಮೀನಿಗೆ ಬಾಯಿ ಆಡಿಸುತ್ತಾಳೆ, ಅದೇನು ಮಾತಾಡುತ್ತಾಳೋ. ಕಳೆದ ಮಂಗಳವಾರ ಪೆಟ್ಟಿಗೆಯ ಮುಚ್ಚಳದ ಮೇಲೆ ಹರಳು ಸಿಕ್ಕಿತು, ಬೆರಳಿಗೆ ಹತ್ತಿಸಿ ನಾಲಿಗೆಗೆ ಮುಟ್ಟಿಸಿದೆ, ಅಡುಗೆಮನೆಯ ಉಪ್ಪು, ಅದೇ ದಿನ ನಿದ್ದೆಯಿಂದ ಎದ್ದಾಗ ನನ್ನ ದುಪಟ್ಟಾದ ಮಡಿಕೆಯಿಂದಲೂ ಒಂದು ಹರಳು ಉದುರಿತು, ಎತ್ತಿ ಬೆಳಕಿಗೆ ಹಿಡಿದು ನೋಡಿದೆ — ಎಷ್ಟು ಜಾಣೆ, ನಾಳೆ ನನ್ನ ಮೇಲೇ ತಿರುಗಿಸಲು ನನ್ನ ಬಟ್ಟೆಗೂ ಹಚ್ಚಿಟ್ಟಿದ್ದಾಳೆ ಎಂದುಕೊಂಡೆ, ಹೀಗೆ ಅಂದುಕೊಳ್ಳುವಾಗ ನನಗೆ ನಾಚಿಕೆಯೂ ಆಗಲಿಲ್ಲ, ಮೀನಿಗೆ ತಿನ್ನಿಸಲಾಗದ್ದನ್ನೆಲ್ಲ ಸಂಶಯಕ್ಕೆ ತಿನ್ನಿಸುತ್ತಿದ್ದೆ, ಅದು ಮಾತ್ರ ಒಂದು ಹೊತ್ತೂ ಒಲ್ಲೆ ಅನ್ನಲಿಲ್ಲ. ನಿನ್ನೆ ಅಡುಗೆಮನೆಯಿಂದ ಅವಳೇ ಕೂಗಿದಳು, ಅತ್ತೀ, ಉಪ್ಪಿನ ಭರಣಿ ಅರ್ಧಕ್ಕ ಇಳದದ, ಈ ಮನ್ಯಾಗ ಯಾರ್ರೀ ಉಪ್ಪು ಬುಕ್ಕೋರು, ಅವ್ವ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು, ನಾನು ಮನಸ್ಸಿನಲ್ಲಿ, ಆಹಾ, ಕಳ್ಳಿಯೇ ಕಳವಾಯಿತೆಂದು ಕೂಗುತ್ತಿದ್ದಾಳೆ, ಎಂದುಕೊಂಡೆ.

ಇವತ್ತು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳ ಮುಂದೆ ಹೋಗಿ ನಿಂತೆ, ಎತ್ತಿಟ್ಟುಕೊಂಡಿದ್ದ ಹರಳನ್ನು ಅಂಗೈಯಲ್ಲಿ ಇಟ್ಟು ತೋರಿಸಿದೆ, ಇದನ್ನ ಮೀನಿನ ನೀರಿಗೆ ನೀವ ಹಾಕಾಕತ್ತೀರಿ ವೈನಿ, ಎಂದೆ, ನನ್ನ ಬಾಯಿಂದ ಅಷ್ಟು ಉದ್ದದ ಮಾತು ಬಂದು ತಿಂಗಳುಗಳಾಗಿದ್ದವು, ಅದಕ್ಕೇ ಮನೆಯವರೆಲ್ಲ ಬಂದು ನಿಂತರು. ವೈನಿಯ ಕೈ ಹಿಟ್ಟಿನ ಮೇಲೆ ನಿಂತಿತು, ನಾನಾ? ಎಂದಳು, ಆ ನಿನ್ನ ಪಾತರಗಿತ್ತಿಗೆ ದಿನಾ ಬೆಳ್ಳುಳ್ಳಿ ಜಜ್ಜಿ ಕೊಡಾಕಿ ನಾನು, ನಾ ಯಾಕ ಹಾಕ್ಲಿ ತಂಗಿ, ಎಂದಳು, ನಕ್ಕೇ ಅಂದಳು, ಆಮೇಲೆ ನಾನು ನಗದೆ ಇದ್ದದ್ದು ನೋಡಿ ಅಣ್ಣನ ಕಡೆ ತಿರುಗಿದಳು, ಅಣ್ಣ ಆಫೀಸಿನ ಅವಸರದಲ್ಲಿ ಅಂಗಿಯ ಗುಂಡಿ ಹಾಕುತ್ತ, ತಿಳೀದ ಹಾಕಿದ್ರ ಹಾಕೀನಿ ಅಂದುಬಿಡು ಸೌಭಾಗ್ಯಾ, ಒಂದು ಮೀನಿನ ಸಲುವಾಗಿ ಇಷ್ಟ್ಯಾಕ, ಎಂದ, ಅಷ್ಟೇ ಅಂದದ್ದು, ಆಗ ನೋಡಬೇಕಿತ್ತು ಅವಳ ಮುಖ, ನೀವೂ ನಂಬಿದ್ರ್ಯಾ, ಎಂದಳು, ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು, ಯಾರೂ ತಿರುವಿ ಹಾಕಲಿಲ್ಲ, ಉಣ್ಣೋ ಮನಿಗೆ ವಿಷ ಹಾಕುವಾಕಿ ಅನಿಸ್ಕೊಂಡು ನಾ ಇಲ್ಲಿ ಇರಂಗಿಲ್ರಿ, ನನ್ನ ಮಾತು ನಂಬೋ ತನಕ ಬಾ ಅಂತ ಕರಿಯಾಕ ಬರಬ್ಯಾಡ್ರಿ, ಅತ್ತೀ, ನೀವಾದ್ರೂ ಹೇಳ್ರಿ, ಎಂದಳು, ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು. ಅವ್ವನೂ ಹೇಳಲಿಲ್ಲವೆಂದರೆ ಅವ್ವನಿಗೂ ಸಂಶಯವಿದೆ ಎಂದೇ ನಾನು ತಿಳಿದೆ. ಅಪ್ಪ ಕನ್ನಡಕ ಹಣೆಗೇರಿಸಿ, ಸಾಕ್ಷಿ ಇಲ್ದ ಯಾರ ಮ್ಯಾಲೂ ಮಾತು ಹಾಕಬಾರದು ಯಶೋ, ಎಂದರು, ಸಾಕ್ಷಿ ಅಂಗೈಯಲ್ಲಿತ್ತು, ಬೆವರಿಗೆ ಕರಗಿ ಬರೀ ತೇವ ಉಳಿದಿತ್ತು.

ಬಾಗಿಲಾಚೆ ಕಟ್ಟೆಯ ಮೇಲೆ ಅಪ್ಪ ಪೇಪರು ಮಡಿಸುವ ಸದ್ದು, ರಿಟೈರಾದ ಮೇಲೂ ಕ್ಲಾಸಿನಲ್ಲಿ ಓದುವಂತೆ ಗಟ್ಟಿಯಾಗಿ ಓದುವವರು, ಓಣಿಯವರ ಬಾಯಲ್ಲಿ ಶ್ರೀಮಂತ ಮಾಸ್ತರರು, ಪಡಸಾಲೆಯ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬ, ಅವುಗಳ ಕೆಳಗೆ ಈಗ ನನ್ನ ಮೀನು, ಈ ಹೊಸ್ತಿಲೊಳಗೆ ತಾಯಿತ, ನಿಂಬೆಹಣ್ಣು, ಶಕುನ ಯಾವುದೂ ಬರುವಂತಿಲ್ಲ, ಅಪ್ಪ ಬಾಬಾಸಾಹೇಬರ ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡು ಬೌದ್ಧರಾದವರು, ಅಣ್ಣನ ಬೈಕು ಬಂದ ದಿನ ಅಮ್ಮ, ಅಂದರೆ ಅಪ್ಪನ ತಾಯಿ, ಹ್ಯಾಂಡಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಳು, ಕಟ್ಟಿದ್ದನ್ನು ನಾನೇ ನೋಡಿದೆ, ಅಪ್ಪ ಬಿಚ್ಚಿದರು, ನಿಂಬೆಹಣ್ಣು ಹಿಂಡಿ ಶರಬತ್ತು ಮಾಡಿಸಿ ಓಣಿಯವರಿಗೆಲ್ಲ ಕುಡಿಸಿದರು, ಅಂಜಿಕಿ ಅನ್ನೂದು ಕುಡದ್ರ ಹೋಗ್ತದ, ಕುಡೀರಿ, ಎಂದರು, ಅಮ್ಮ ಕುಡಿಯಲಿಲ್ಲ, ಆಮೇಲೆ ಬಳಿಚಕ್ರದಲ್ಲಿರುವ ಚಿಕ್ಕಪ್ಪನ ಮನೆಗೆ ಹೋದವಳು ಸಾಯುವ ತನಕ ಈ ಮನೆಯಲ್ಲಿ ನೀರು ಮುಟ್ಟಲಿಲ್ಲ, ಅವ್ವ ಆವತ್ತು ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು, ಅಪ್ಪನ ಕಡೆ ನೋಡುತ್ತ. ಅವ್ವನಿಗೆ ಅಂಜಿಕೆ ಹೋಗಿದೆ ಎಂದೇ ಎಲ್ಲರೂ ನಂಬಿದ್ದೇವೆ. ಅವ್ವ ಈಚೆಗೆ ನನ್ನ ತಾಟನ್ನೇ ನೋಡುತ್ತಾಳೆ, ನಾನು ರೊಟ್ಟಿಯ ಅಂಚು ಮುರಿದು ಪಲ್ಯಕ್ಕೆ ಮುಟ್ಟಿಸಿ ಇಟ್ಟುಬಿಡುತ್ತೇನೆ, ಗಂಟಲಲ್ಲಿ ಇಳಿಯುವುದಿಲ್ಲ, ಸುರಪುರದಿಂದ ಬಂದಾಗಿನಿಂದ ಹೀಗೆಯೇ, ಅಲ್ಲಿ ಎಂಟನೇ ಈಯತ್ತೆಯ ಮಕ್ಕಳು, ಮೊದಲ ದಿನ ಹಾಜರಿ ಕೂಗಲು ಬಾಯಿ ತೆರೆದೆ, ಬೆಂಚು ಬೆಂಚಿನ ಮೇಲೆ ಕಣ್ಣು, ಕಿಟಕಿಯಲ್ಲಿ ಹೆಡ್‌ಮಾಸ್ತರರ ಕಣ್ಣು, ಧ್ವನಿ ಬರಲಿಲ್ಲ, ಹಿಂದಿನ ಬೆಂಚಿನಿಂದ ಯಾರೋ, ಮ್ಯಾಡಂ ಮ್ಯೂಟಿನ್ಯಾಗ ಅದಾರ, ಎಂದರು, ನಗು, ಹೇಗೋ ಆ ವರ್ಷವನ್ನು ಬೋರ್ಡಿಗೆ ಮುಖ ಮಾಡಿಯೇ ಕಳೆದೆ, ಬೆನ್ನಿಗೊಂದು ಕಣ್ಣಿರಬೇಕಿತ್ತು ಎಂದು ಎಷ್ಟು ಸಲ ಅನ್ನಿಸಿತ್ತು, ಈ ಮೀನಿಗೆ ಇರುವ ಹಾಗೆ. ಈಗ ಓಣಿಯ ಹೆಂಗಸರು ಮೀನು ನೋಡಲು ಬಂದು ನನ್ನನ್ನೂ ನೋಡಿ ಹೋಗುತ್ತಾರೆ, ಅಯ್ಯ ಇದೆಷ್ಟು ಛಂದ ಅದ, ಅಯ್ಯ ಈಕಿ ಎಷ್ಟು ಒಣಗ್ಯಾಳ, ಒಂದೇ ಉಸಿರಿನಲ್ಲಿ, ಅವರು ಹೋದ ಮೇಲೆ ಅವ್ವ, ಮಂದಿ ಕಣ್ಣು ಭಾಳ ಕೆಟ್ಟದ್ದು, ಎಂದು ಗೊಣಗಿದಳು ಒಮ್ಮೆ, ಪೇಪರು ಕೆಳಗಿಳಿಯಿತು, ಏನಂದಿ ಸುಂದ್ರಮ್ಮ? ಏನಿಲ್ರಿ, ಹಾಲು ಕೆಟ್ಟಾವ ಅಂದೆ. ಹಾಲು ಕೆಟ್ಟಿರಲಿಲ್ಲ, ಆ ಹಾಲಿನಲ್ಲೇ ಚಹಾ ಕುಡಿದೆವು, ನಾನು ಅದನ್ನು ಕೇಳಿಸಿಕೊಂಡೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ, ಅವ್ವನ ಬಗ್ಗೆ ಯೋಚಿಸುವುದೇನಿರುತ್ತದೆ.

ಚಪ್ಪಲಿಯ ಸದ್ದು ಪಡಸಾಲೆಗೆ ಬಂತು, ಕಣ್ಣು ಮುಚ್ಚಿದೆ, ನಿದ್ದೆ ಹತ್ತಿದವಳ ಹಾಗೆ ಉಸಿರು ಉದ್ದ ಮಾಡಿದೆ, ವೈನಿ ಬ್ಯಾಗನ್ನು ನೆಲಕ್ಕಿಟ್ಟಳು, ಪೆಟ್ಟಿಗೆಯ ಮುಂದೆ ನಿಂತಿದ್ದಾಳೆ, ನೋಡದೆಯೂ ಗೊತ್ತಾಗುತ್ತದೆ, ಪೆಟ್ಟಿಗೆಯ ನೀಲಿ ಬೆಳಕು ರೆಪ್ಪೆಯ ಮೇಲಿಂದ ಸರಿಯಿತು, ಈಗ ಹಾಕುತ್ತಾಳೆ, ಹೋಗುವಾಗ ಕೊನೆಯ ಹಿಡಿ ಹಾಕಿಯೇ ಹೋಗುತ್ತಾಳೆ, ಕಿವಿ ನಿಮಿರಿಸಿ ಕಾಯುತ್ತೇನೆ, ಮುಚ್ಚಳದ ಸದ್ದಿಲ್ಲ, ತಂಗಿ, ಎಂದಳು ಮೆಲ್ಲಗೆ, ಎಚ್ಚರಿದ್ದರೂ ಇರದಿದ್ದರೂ ಕೇಳಲಿ ಎನ್ನುವಂತೆ, ಬೆಳ್ಳುಳ್ಳಿ ಜಜ್ಜಿ ಬಟ್ಟಲದಾಗ ಮುಚ್ಚಿಟ್ಟೀನಿ, ಸಂಜೀಕ ಅದಕ್ಕ ಹಾಕು, ನೀನೂ ಏನರ ತಿನ್ನು, ಎಂದಳು. ಬೆಳ್ಳುಳ್ಳಿಯಲ್ಲಿ ಏನು ಬೆರೆಸಿದ್ದಾಳೋ — ಹೌದು, ಆ ಹೊತ್ತಿನಲ್ಲೂ ಮೊದಲು ಬಂದ ಯೋಚನೆ ಅದೇ, ಬ್ಯಾಗು ಎತ್ತಿದಳು, ಬರ್ತೀನ್ರಿ ಅತ್ತಿ, ಎಂದಳು, ಕಟ್ಟೆಯಲ್ಲಿ ಅಪ್ಪ, ಸಿಟ್ಟು ಇಳಿದ ಮ್ಯಾಲ ಬಾರವಾ, ನಿನ್ನ ಮನೀನ ಇದು, ಎಂದರು, ವೈನಿ, ಸಿಟ್ಟಿಲ್ರಿ ಮಾವ, ಎಂದಳು, ಸಿಟ್ಟಿಲ್ಲವೆಂದರೆ ಬರುವುದಿಲ್ಲ ಎಂದು ಅರ್ಥ, ಅಷ್ಟು ನನಗೂ ತಿಳಿಯುತ್ತದೆ. ಓಣಿಯ ತಿರುವಿನಲ್ಲಿ ಅಣ್ಣನ ಬೈಕು ಬರುತ್ತಿದೆ. ಒಳಗೆ ಬರಿಗಾಲಿನ ಹೆಜ್ಜೆ, ಅವ್ವ, ಮಂಚದ ಹತ್ತಿರ ಬಂದಳು, ಹೊದಿಸಲು ಬಂದಿರಬೇಕು, ಬಿಸಿಲಿಗೇಕೆ ಹೊದಿಕೆ, ರೆಪ್ಪೆಯ ಸಂದಿಯಿಂದ ಅವಳ ಹಸಿರು ಸೀರೆಯ ಅಂಚು, ಬಳೆ, ಬಿಗಿಯಾಗಿ ಮುಚ್ಚಿದ ಮುಷ್ಟಿ, ಮುಷ್ಟಿ ನನ್ನ ತಲೆಯ ಮೇಲೆ ಬಂತು, ತಲೆಯಿಂದ ಕಾಲಿಗೆ ಇಳಿಯಿತು, ಮತ್ತೆ ತಲೆಗೆ, ತುಟಿ ಅಲುಗುತ್ತಿದೆ, ಧ್ವನಿ ಕಟ್ಟೆಗೆ ಕೇಳಬಾರದೆಂದು ಗಾಳಿಯಷ್ಟೇ, ಹೋದವರ ಕಣ್ಣು ಬಂದವರ ಕಣ್ಣು, ಓಣಿ ಕಣ್ಣು, ಸುರಪುರದ ಸಾಲಿ ಕಣ್ಣು, ಹಡೆದಾಕಿ ನಂದೇ ಹತ್ತಿದ್ರ ನನ್ನ ಕಣ್ಣೂ, ಎಲ್ಲಾ ಈ ಉಪ್ಪು ಕರಗಿದಂಗ ಕರಗಲಿ, ನನ್ನ ಮಗಳು ಎದ್ದು ಉಣ್ಣಲಿ — ಒಂದು ಹರಳು ಬೆರಳ ಸಂದಿಯಿಂದ ಜಾರಿ ನನ್ನ ಕುತ್ತಿಗೆಗೆ ಬಿತ್ತು, ದುಪಟ್ಟಾದೊಳಗೆ ಉರುಳಿತು, ತಣ್ಣಗೆ.

ಇವತ್ತು ಶುಕ್ರವಾರ, ಮಂಗಳವಾರದ ಹಾಗೆ ದೃಷ್ಟಿ ತೆಗೆಯುವ ದಿನ. ಉಪ್ಪು ಕರಗಲೇಬೇಕು, ನೀರಿನಲ್ಲಿ ಬಿಟ್ಟು ಕರಗಿಸಲೇಬೇಕು, ಇಲ್ಲದಿದ್ದರೆ ದೃಷ್ಟಿ ಹೋಗುವುದಿಲ್ಲ, ಹೊರಗೆ ಒಯ್ದು ಚೆಲ್ಲಲು ಕಟ್ಟೆಯ ಮೇಲೆ ಅಪ್ಪ, ಹಿತ್ತಲಿಗೆ ಹೋದರೆ ಪಾತ್ರೆ ತಿಕ್ಕುತ್ತ ಇರುತ್ತಿದ್ದ ವೈನಿ, ಮನೆಯಲ್ಲಿ ಇಷ್ಟು ದಿನ ಯಾರೂ ಸಂಶಯಪಡದ ನೀರು ಒಂದೇ ಇತ್ತು, ಮೊದಲೇ ಉಪ್ಪಿರುವ ನೀರು, ಇನ್ನೊಂದು ಹಿಡಿ ಬಿದ್ದರೆ ಯಾರಿಗೆ ತಿಳಿಯುತ್ತದೆ, ಅವ್ವನ ಲೆಕ್ಕ ಎಷ್ಟು ಸರಳವಾಗಿದೆ, ಅವ್ವ ಮುಚ್ಚಳ ಸರಿಸಿದಳು, ಎಷ್ಟು ಮೆತ್ತಗೆ, ದಿನಾ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವವಳ ಕೈ, ಮುಷ್ಟಿ ಸ್ವಲ್ಪವೇ ಸಡಿಲವಾಯಿತು, ಬಿಳಿ ಹರಳುಗಳು ನೀರಿನಲ್ಲಿ ಹೊಳೆಯುತ್ತ ಇಳಿಯತೊಡಗಿದವು, ಸೋಮವಾರದಿಂದ ಕಲ್ಲಿನ ಹಿಂದೆ ಅಡಗಿದ್ದ ಮೀನು ಹೊರಗೆ ಬಂತು, ನೇರವಾಗಿ ಮೇಲಕ್ಕೆ ಬಂತು. ಹೊರಗೆ ಬೈಕು ನಿಂತಿತು, ಕೂತ್ಕೋ, ಬಸ್ಸು ತಪ್ತದ, ಎಂದ ಅಣ್ಣ, ಸೀಟಿನ ಮೇಲೆ ಬ್ಯಾಗು ಬಿದ್ದ ಸದ್ದು, ಇಂಜಿನ್ನು ಏರಿತು, ಕರೆಯಬೇಕು, ಕರೆದರೆ ಅವ್ವ ಸಿಕ್ಕಿಬೀಳುತ್ತಾಳೆ, ಅಪ್ಪನ ಕೈಯಲ್ಲಿ ಆ ನಿಂಬೆಹಣ್ಣು, ಒಂದೇ ಗುಟುಕಿಗೆ ಕುಡಿದ ಅವ್ವನ ಗಂಟಲು, ಬಳಿಚಕ್ರದಿಂದ ಮತ್ತೆ ಬರದ ಅಮ್ಮ, ಕರೆಯದಿದ್ದರೆ ವೈನಿ ಹುಣಸಗಿಯಲ್ಲಿ ವಿಷ ಹಾಕಿದವಳಾಗಿ ಉಳಿಯುತ್ತಾಳೆ, ನಾನೇ ಇಟ್ಟ ಹೆಸರು, ಬೈಕು ಹೊರಟಿತು, ಹಾಜರಿ ಪುಸ್ತಕ, ಬೆಂಚುಗಳು, ಬಾಯಿ ತೆರೆದಿದೆ, ವೈನೀ, ಹೋಗಬ್ಯಾಡ್ರಿ ವೈನೀ — ನನ್ನದೇ ಧ್ವನಿ, ಇಷ್ಟು ದೊಡ್ಡದು, ಗೋಡೆಗೆ ಬಡಿದು ವಾಪಸು ಬಂತು, ಇಂಜಿನ್ನು ಬಂದಾಯಿತು, ಓಡುವ ಚಪ್ಪಲಿ, ಏನಾತು ತಂಗಿ, ಏನಾತು, ವೈನಿ ಬಾಗಿಲಲ್ಲಿ, ಅವಳ ಹಿಂದೆ ಕನ್ನಡಕ ಹಣೆಗೇರಿಸಿದ ಅಪ್ಪ, ಕೈಯಲ್ಲಿ ಕೀಲಿ ಹಿಡಿದ ಅಣ್ಣ, ಅವ್ವನ ಮುಷ್ಟಿ ನೀರಿನ ಮೇಲೆ ಹಾಗೆಯೇ ನಿಂತುಬಿಟ್ಟಿದೆ, ತೆರೆಯಲೂ ಆಗದೆ ಮುಚ್ಚಲೂ ಆಗದೆ, ಬೆರಳ ಸಂದಿಯಿಂದ ಒಂದೊಂದೇ ಹರಳು, ಯಾರೂ ಇನ್ನೂ ಅದನ್ನು ನೋಡಿಲ್ಲ, ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ, ಅವ್ವನೂ, ಹೇಳಬೇಕು, ಈಗ ಹೇಳಬೇಕು, ಮೀನು ಮೂತಿ ಚಾಚಿ ಒಂದು ಹರಳನ್ನು ಕಚ್ಚಿತು, ಇಷ್ಟು ದಿನದ ಮೇಲೆ ಮೊದಲ ಸಲ ಬಾಯಿ ತೆರೆದು ಕಚ್ಚಿತು, ಉಗುಳಿತು, ತಿರುಗಿತು, ಕಪ್ಪು, ಸುತ್ತ ಬಿಳಿ ಅಂಚು, ಅದು ಕಣ್ಣಲ್ಲ, ಗೊತ್ತಿದೆ, ಕಣ್ಣಲ್ಲ ಅದು, ರೆಪ್ಪೆ ಬಡಿಯುವುದಿಲ್ಲ, ನನ್ನನ್ನೇ ನೋಡುತ್ತಿದೆ.